ರಾಷ್ಟ್ರೀಯ ಉದ್ಯಾನದಲ್ಲಿ ಮರ ಯಾಕೆ ಕಡೀತಾರೆ? ಸ್ಪೇನಿನ ಪಿನ್ಸಾಪೊ ಕಾಡಿನ ಕಥೆ

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಕೆಲಸದ ಮೇಲೆ ಸ್ಪೇನಿನ ಮಾಲಗಾದಲ್ಲಿದ್ದೇನೆ. ಈಚೆಗೆ ಇಲ್ಲಿನ ಸಿಯೆರ್ರಾ ದೆ ಲಾಸ್ ನಿಯೆವೆಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಕೆಳಗೆಲ್ಲ ಆಲಿವ್ ತೋಟ, ಒಣ ಗುಡ್ಡ. ಮೇಲೆ ಹತ್ತಿದರೆ ಕ್ರಿಸ್‌ಮಸ್ ಮರದಂಥ ಕಡು ಹಸಿರು ಮರಗಳ ಕಾಡು! ಇಷ್ಟು ಬಿಸಿಲಿನ ನಾಡಿನಲ್ಲಿ ಅದು ಹೇಗೆ ಬದುಕಿದೆ? ಇನ್ನೊಂದು ವಿಷಯ. ಒಂದು ಕಡೆ ಎಳೆ ಮರಗಳನ್ನು ಕಡಿದು ಹಾಕಿದ್ದರು. ರಾಷ್ಟ್ರೀಯ ಉದ್ಯಾನ ಅಂದ ಮೇಲೆ ಮುಟ್ಟದೆ ಬಿಡಬೇಕಲ್ವಾ? ಕೊನೆಗೊಂದು ಆಸೆ: ಬೀಜ ತಂದು ನಮ್ಮ ತೋಟದಲ್ಲಿ ನೆಡಬಹುದಾ?

ಉತ್ತರ:

ನಿಮ್ಮ ಮೂರರಲ್ಲಿ ಎರಡನೇ ಪ್ರಶ್ನೆಯೇ ದೊಡ್ಡದು. ಆದರೆ ಈ ಮರ ಅಲ್ಲಿ ಹೇಗೆ ಬದುಕಿದೆ ಎಂಬುದು ಗೊತ್ತಾಗದೆ, ಅದನ್ನು ಯಾಕೆ ಕಡಿಯುತ್ತಾರೆ ಎಂಬುದು ಅರ್ಥವಾಗುವುದಿಲ್ಲ. ಹಾಗಾಗಿ ಮರದಿಂದಲೇ ಶುರು ಮಾಡುತ್ತೇನೆ.

ನೀವು ನೋಡಿದ್ದು ಪಿನ್ಸಾಪೊ. ಅದೊಂದು ಫರ್ ಮರ, ಹಿಮಾಲಯದ ಎತ್ತರದಲ್ಲಿ ಬೆಳೆಯುವ ಫರ್ ಮರಗಳ ಬಂಧು. ಮಲೆನಾಡಿನವರಿಗೆ ಇಂಥ ಮರ ಹೊಸದಾಗಿ ಕಾಣುವುದು ಸಹಜ. ಇಡೀ ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಮರದ (ಪೈನ್, ಫರ್‌ಗಳ ಗುಂಪಿನ ಮರದ) ಜಾತಿ ಒಂದೇ ಒಂದು. ಪಿನ್ಸಾಪೊದ ಎಲೆ ಒಂದೆರಡು ಸೆಂಟಿಮೀಟರಿನ ಸೂಜಿ. ಬೇರೆ ಬಹಳಷ್ಟು ಫರ್ ಮರಗಳಲ್ಲಿ ಎಲೆಗಳು ರೆಂಬೆಯ ಎರಡು ಬದಿಗೆ ಹರಡಿಕೊಂಡಿರುತ್ತವೆ. ಇದರಲ್ಲಿ ರೆಂಬೆಯ ಸುತ್ತಲೂ ಬಿರುಸಾಗಿ ನಿಂತಿರುತ್ತವೆ. ಮುಟ್ಟಿದರೆ ಕೈಗೆ ಒತ್ತುತ್ತದೆ, ಆದರೆ ಚುಚ್ಚಿ ಗಾಯ ಮಾಡುವುದಿಲ್ಲ. ಕಾಯಿ, ಅಂದರೆ ಶಂಕು, ಮೇಲಿನ ಕೊಂಬೆಗಳ ಮೇಲೆ ನೆಟ್ಟಗೆ ನಿಂತಿರುತ್ತದೆ. ಪೈನ್ ಮರದ ಕಾಯಿಯ ಹಾಗೆ ಇಡಿಯಾಗಿ ಕೆಳಗೆ ಬೀಳುವುದಿಲ್ಲ. ಚಳಿಗಾಲದ ಹೊಸ್ತಿಲಲ್ಲಿ ಮರದ ಮೇಲೆಯೇ ಬಿಡಿಬಿಡಿಯಾಗಿ ಉದುರಿಹೋಗುತ್ತದೆ. ಆ ಕಾಡಿನಲ್ಲಿ ನೆಲ ಎಷ್ಟು ಹುಡುಕಿದರೂ ಪಿನ್ಸಾಪೊದ ಇಡೀ ಕಾಯಿ ಸಿಗುವುದು ಅಪರೂಪ. ಸಿಗುವುದು ಅದರ ಚಿಪ್ಪುಗಳು ಮಾತ್ರ.

ಈ ಮರ ಸಹಜವಾಗಿ ಬೆಳೆಯುವ ಜಾಗ ಪ್ರಪಂಚದಲ್ಲಿ ಬಹಳ ಕಡಿಮೆ. ಸ್ಪೇನಿನ ದಕ್ಷಿಣ ತುದಿಯಲ್ಲಿ ಮೂರು ಬೆಟ್ಟಸಾಲು: ನೀವು ಹೋದ ಸಿಯೆರ್ರಾ ದೆ ಲಾಸ್ ನಿಯೆವೆಸ್, ಪಕ್ಕದ ಕಾದಿಸ್ ಜಿಲ್ಲೆಯ ಗ್ರಾಸಲೇಮಾ, ಮತ್ತು ಕಡಲಿಗೆ ಹತ್ತಿರದ ಸಿಯೆರ್ರಾ ಬೆರ್ಮೇಹಾ. ಮೂರರಲ್ಲಿ ದೊಡ್ಡ ಕಾಡು ನೀವು ನೋಡಿದ್ದೇ. ಸಮುದ್ರದ ಆಚೆ, ಮೊರೊಕ್ಕೊದ ರಿಫ್ ಬೆಟ್ಟಗಳಲ್ಲಿ ಇದರ ತೀರಾ ಹತ್ತಿರದ ಸಂಬಂಧಿ ಇದೆ. ಅದನ್ನು ಬೇರೆ ಜಾತಿ ಅನ್ನಬೇಕೋ ಇದರದೇ ಒಂದು ಬಗೆ ಅನ್ನಬೇಕೋ ಎಂದು ಸಸ್ಯಶಾಸ್ತ್ರಜ್ಞರು ಇನ್ನೂ ವಾದ ಮಾಡುತ್ತಾರೆ. ಹೊರ ಜಗತ್ತಿಗೆ ಪಿನ್ಸಾಪೊವನ್ನು ಪರಿಚಯಿಸಿದವರು ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಎಡ್ಮಂಡ್ ಬ್ವಾಸಿಯೆ. 1837ರಲ್ಲಿ ಅವರು ಈ ಬೆಟ್ಟಗಳಲ್ಲಿ ಅಲೆದು ಮರವನ್ನು ಗುರುತಿಸಿದರು. ಮರುವರ್ಷ ಅಬೀಸ್ ಪಿನ್ಸಾಪೊ ಎಂದು ಹೆಸರಿಟ್ಟರು. ಪಿನ್ಸಾಪೊ ಅನ್ನುವುದು ಊರಿನವರು ಮೊದಲಿಂದಲೂ ಕರೆಯುತ್ತಿದ್ದ ಹೆಸರು, ಅದನ್ನೇ ಉಳಿಸಿಕೊಂಡರು.

ಈಗ ನಿಮ್ಮ ಮೊದಲ ಪ್ರಶ್ನೆ. ಮಲೆನಾಡಿನಲ್ಲಿ ಬೆಳೆದ ನಿಮಗೆ ಇದನ್ನು ಹೇಳುವುದು ಸುಲಭ. ನಮ್ಮಲ್ಲಿ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ. ಸೆಖೆ ಹೆಚ್ಚಾಗುವ ಹೊತ್ತಿಗೆ ಮಳೆ ಬಂದು ಕಾಡನ್ನು ತಣಿಸುತ್ತದೆ. ಮೆಡಿಟರೇನಿಯನ್ ನಾಡಿನಲ್ಲಿ ಇದು ಪೂರ್ತಿ ತಿರುಗುಮುರುಗು. ಮಳೆ ಬರುವುದು ಅಕ್ಟೋಬರ್‌ನಿಂದ ಏಪ್ರಿಲ್-ಮೇ ತನಕ, ಚಳಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ, ಬಿಸಿಲು ಸುಡುವ ಹೊತ್ತಿನಲ್ಲೇ, ಹನಿ ನೀರು ಬೀಳುವುದು ಕಷ್ಟ. ಗಿಡಮರಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಇಲ್ಲ. ನೀರು ಹೆಚ್ಚು ಬೇಕಾದಾಗ ನೀರಿಲ್ಲ, ನೀರಿದ್ದಾಗ ಬೆಳೆಯಲು ಚಳಿ ಬಿಡುವುದಿಲ್ಲ. ಆಲಿವ್, ಓಕ್, ಪೈನ್ ಇದಕ್ಕೆ ಒಗ್ಗಿಕೊಂಡಿವೆ. ಫರ್ ಮರಗಳು ಒಗ್ಗುವಂಥವಲ್ಲ. ಅವು ತಂಪು, ತೇವ, ಮಂಜು ಬೇಡುವ ಮರಗಳು.

ಹಾಗಾದರೆ ಪಿನ್ಸಾಪೊ ಉಳಿದದ್ದು ಹೇಗೆ? ಒಂದು ಕಾಲದಲ್ಲಿ, ಈ ಪ್ರದೇಶದ ಹವೆ ಇನ್ನೂ ತೇವವಾಗಿದ್ದಾಗ, ಇಂಥ ಫರ್ ಕಾಡುಗಳು ಮೆಡಿಟರೇನಿಯನ್ ಸುತ್ತ ಇವತ್ತಿಗಿಂತ ಎಷ್ಟೋ ವಿಶಾಲವಾಗಿ ಹರಡಿದ್ದವು. ಹವೆ ಒಣಗುತ್ತಾ ಬಂದ ಹಾಗೆ ಅವು ಬೆಟ್ಟ ಹತ್ತಿದವು. ಇವತ್ತು ಗ್ರೀಸಿನಲ್ಲಿ ಒಂದು ಜಾತಿ, ಅಲ್ಜೀರಿಯಾದಲ್ಲಿ ಒಂದು, ಸಿಸಿಲಿಯಲ್ಲಿ ಬೆರಳೆಣಿಕೆಯ ಮರಗಳ ಒಂದು ಜಾತಿ, ಹೀಗೆ ಬಿಡಿ ಬಿಡಿ ಬೆಟ್ಟಗಳ ಮೇಲೆ ಉಳಿದಿವೆ. ಸ್ಪೇನಿನ ಈ ಮೂಲೆಯ ಬೆಟ್ಟಗಳಿಗೆ ಒಂದು ಅನುಕೂಲವಿದೆ. ಅಟ್ಲಾಂಟಿಕ್ ಸಾಗರದಿಂದ ಬೀಸುವ ಚಳಿಗಾಲದ ತೇವದ ಗಾಳಿಗೆ ಇವು ಮೊದಲು ಅಡ್ಡ ನಿಲ್ಲುತ್ತವೆ. ಮೋಡ ಮೇಲೇರಿ ಮಳೆ ಸುರಿಸುತ್ತದೆ. ಮಾಲಗಾ ಪಟ್ಟಣದಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆಯಾದರೆ, ಗ್ರಾಸಲೇಮಾದಲ್ಲಿ 2,000 ಮಿ.ಮೀ. ದಾಟುತ್ತದೆ. ಆಗುಂಬೆಯ ಮುಂದೆ ಇದು ಏನೂ ಅಲ್ಲ, ನಿಜ. ಆದರೆ ದಕ್ಷಿಣ ಸ್ಪೇನಿಗೆ ಅದು ಅಪಾರ ನೀರು.

ಮಳೆಯೊಂದೇ ಸಾಲುವುದಿಲ್ಲ. ಮುಂದಿನ ಸಲ ಹೋದಾಗ ಗಮನಿಸಿ, ಪಿನ್ಸಾಪೊ ಕಾಡು ಹೆಚ್ಚಾಗಿ ಬೆಟ್ಟದ ಉತ್ತರ ಮಗ್ಗುಲಲ್ಲಿದೆ. ದಕ್ಷಿಣದ ಮಗ್ಗುಲು ಬೇಸಿಗೆಯಲ್ಲಿ ದಿನವಿಡೀ ಬಿಸಿಲಿಗೆ ಬೇಯುತ್ತದೆ. ಉತ್ತರದ ಮಗ್ಗುಲಿನ ಮಣ್ಣಿನಲ್ಲಿ ಚಳಿಗಾಲದ ತೇವ ಇನ್ನಷ್ಟು ವಾರ ಉಳಿಯುತ್ತದೆ. ಎತ್ತರವೂ ಅಷ್ಟೇ ಮುಖ್ಯ. ಸುಮಾರು 1,000 ಮೀಟರಿನಿಂದ 1,800 ಮೀಟರಿನ ನಡುವಿನ ಪಟ್ಟಿ ಅದರ ಮನೆ. ಮಣ್ಣು ಒಣಗುವ ಸೂಚನೆ ಸಿಕ್ಕ ಕೂಡಲೇ ಈ ಮರ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಆಹಾರ ತಯಾರಿಯೂ ನಿಲ್ಲುತ್ತದೆ. ಅಂದರೆ ಬೇಸಿಗೆ ಉದ್ದವಾದಷ್ಟೂ ಮರ ಉಪವಾಸ. ಒಂದು ವರ್ಷ ತಡೆಯುತ್ತದೆ, ಎರಡು ವರ್ಷ ತಡೆಯುತ್ತದೆ. ಸಾಲಾಗಿ ಬರ ಬಿದ್ದರೆ ಸೋಲುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮರ ಕಡಿಯುವ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಬೆಟ್ಟದ ಬಗ್ಗೆಯೂ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕಂದರೆ ನನಗೆ ಮರದಷ್ಟೇ ಇಷ್ಟವಾದದ್ದು ಅದರ ಕಲ್ಲು. ಇಲ್ಲಿನ ಹೆಚ್ಚಿನ ಭಾಗ ಸುಣ್ಣಕಲ್ಲು. ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಬಿರುಕು, ಕುಳಿ, ಗುಹೆ ಮಾಡಿಕೊಂಡು ಒಳಗೆ ಇಳಿಯುತ್ತದೆ. ಆದ್ದರಿಂದ ಮೇಲೆ ಅಷ್ಟು ಮಳೆ ಬಿದ್ದರೂ ಹರಿಯುವ ಹಳ್ಳ ಕಾಣುವುದಿಲ್ಲ. ತೊಲೋಕ್ಸ್ ಊರಿನ ಸರಹದ್ದಿನಲ್ಲಿರುವ ಜಿ.ಇ.ಎಸ್.ಎಂ. ಎಂಬ ಪಾತಾಳ ಗುಹೆ 1,101 ಮೀಟರ್ ಆಳ ಇಳಿಯುತ್ತದೆ. ಅದನ್ನು ಕಂಡುಹಿಡಿದ ಮಾಲಗಾದ ಗುಹೆ ಅನ್ವೇಷಕರ ತಂಡದ ಹೆಸರಿನ ಮೊದಲಕ್ಷರಗಳೇ ಗುಹೆಯ ಹೆಸರು. ಹೀಗೆ ಒಳಗಿಳಿದ ನೀರು ಬೆಟ್ಟದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಯುಂಕೇರಾ ಹತ್ತಿರ ಸರ್ಸಲೋನೆಸ್ ಎಂಬಲ್ಲಿ ಗುಹೆಯ ಬಾಯಿಂದಲೇ ರಿಯೊ ಗ್ರಾಂದೆ ನದಿ ಹುಟ್ಟುತ್ತದೆ. ಇನ್ನೊಂದು ಮಗ್ಗುಲಿನ ರಿಯೊ ವೆರ್ದೆ ನದಿ ಇಸ್ತಾನ್ ಊರಿನ ಬಳಿಯ ಜಲಾಶಯ ಸೇರುತ್ತದೆ. ಮಾರ್ಬೆಯಾ ಸುತ್ತಲಿನ ಕಡಲತೀರದ ಊರುಗಳು, ಹೋಟೆಲುಗಳು ಕುಡಿಯುವುದು ಆ ಜಲಾಶಯದ ನೀರನ್ನು. ಬೇಸಿಗೆಯಲ್ಲಿ ಆ ತೀರದಲ್ಲಿ ಈಜುಕೊಳದ ಪಕ್ಕ ಕೂತವರಿಗೆ ಈ ಕಾಡಿನ ನೆನಪು ಇರಲಿ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಉದ್ಯಾನದ ದಕ್ಷಿಣ ಭಾಗಕ್ಕೆ ಹೋದರೆ ಕಲ್ಲಿನ ಬಣ್ಣವೇ ಬದಲಾಗುತ್ತದೆ. ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಣ್ಣದ ಪೆರಿಡೊಟೈಟ್ ಶಿಲೆ ಇದೆ. ಇದು ಭೂಮಿಯ ಹೊರಪದರದ ಕೆಳಗಿನ ಪದರದ ಕಲ್ಲು. ಆಫ್ರಿಕಾ ಮತ್ತು ಯುರೋಪಿನ ನೆಲ ಒಂದನ್ನೊಂದು ಒತ್ತಿದಾಗ ಮೇಲೆ ಬಂದದ್ದು. ರೊಂಡಾ ಪ್ರದೇಶದಲ್ಲಿ ಇದು ಸುಮಾರು 300 ಚದರ ಕಿ.ಮೀ. ಹರಡಿದೆ. ಇಂಥ ಕಲ್ಲು ಇಷ್ಟು ದೊಡ್ಡದಾಗಿ ನೆಲದ ಮೇಲೆ ಕಾಣಸಿಗುವುದು ಪ್ರಪಂಚದಲ್ಲೇ ಅಪರೂಪ. ಅದರ ಮಣ್ಣಿನಲ್ಲಿ ಮೆಗ್ನೀಸಿಯಂ ಮತ್ತು ನಿಕ್ಕಲ್ ಜಾಸ್ತಿ, ಸುಣ್ಣದಂಶ ಕಡಿಮೆ. ಬಹಳ ಗಿಡಗಳಿಗೆ ಅದು ಆಗುವುದಿಲ್ಲ. ಬೆರ್ಮೇಹಾ ಬೆಟ್ಟದ ಪಿನ್ಸಾಪೊ ಮರಗಳು ಮಾತ್ರ ಅಂಥ ಮಣ್ಣಿನಲ್ಲೇ ಬೇರೂರಿವೆ.

ಪಿನ್ಸಾಪೊ ಕಾಡಿನ ಮೇಲೆ, 1,600 ಮೀಟರಿನಾಚೆ, ಕೆಹಿಗೊ ಎಂಬ ಓಕ್ ಮರಗಳ ಹಳೆಯ ತೋಪು ಇದೆ. ಎಲ್ಲ ಮುದಿ ಮರಗಳು, ಒಂದರಿಂದೊಂದು ದೂರ. ಅವುಗಳ ಕೆಳಗೆ ಎಳೆ ಗಿಡ ಕಾಣುವುದು ಬಲು ಕಡಿಮೆ. ಮೊಳಕೆ ಬಂದರೂ ಸಾಕುಮೇಕೆ, ಕಾಡುಮೇಕೆ ಬಿಡುವುದಿಲ್ಲ. ಜನ ಪಿನ್ಸಾಪೊ ಬಗ್ಗೆ ಎಷ್ಟು ಮಾತಾಡುತ್ತಾರೋ ಈ ಓಕ್‌ಗಳ ಬಗ್ಗೆ ಅಷ್ಟು ಮಾತಾಡುವುದಿಲ್ಲ. ನನ್ನ ಮಟ್ಟಿಗೆ ಅವುಗಳ ಪಾಡು ಪಿನ್ಸಾಪೊಗಿಂತ ಕಷ್ಟದ್ದು.

ಈಗ ಕಡಿಯುವ ವಿಚಾರ.

ನೂರಾರು ವರ್ಷ ಈ ಕಾಡು ಜನರ ಬದುಕಿನ ಭಾಗವಾಗಿತ್ತು. ಮೇಲೆ ಹಿಮ ಬೀಳುತ್ತಿತ್ತಲ್ಲ, ಅದನ್ನು ದೊಡ್ಡ ಗುಂಡಿಗಳಲ್ಲಿ ತುಳಿದು ತುಂಬಿ, ಸೊಪ್ಪು ಮುಚ್ಚಿ, ಬೇಸಿಗೆಯಲ್ಲಿ ಗಡ್ಡೆ ಮಾಡಿ ಹೇಸರಗತ್ತೆಗಳ ಮೇಲೆ ರಾತ್ರಿ ಹೊತ್ತು ಪಟ್ಟಣಗಳಿಗೆ ಸಾಗಿಸುತ್ತಿದ್ದರು. ಈ ವ್ಯಾಪಾರ 20ನೇ ಶತಮಾನದ ಆರಂಭದ ತನಕ ನಡೆಯಿತು. ಆ ಗುಂಡಿಗಳನ್ನು ಇವತ್ತಿಗೂ ನೋಡಬಹುದು. ಅದರಿಂದ ಕಾಡಿಗೆ ದೊಡ್ಡ ಹಾನಿಯಾಗಲಿಲ್ಲ. ಹಾನಿ ಮಾಡಿದ್ದು ಇದ್ದಿಲು ಸುಡುವುದು, ಮರ ಕಡಿಯುವುದು, ಬೆಂಕಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮೇಕೆ ಮೇಯಿಸುವುದು. 20ನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಉಳಿದಿದ್ದು ಚದುರಿದ, ಬಡಕಲಾದ ತೋಪುಗಳು.

ಆಮೇಲೆ ರಕ್ಷಣೆ ಬಂತು. 1950ರ ದಶಕದ ಹೊತ್ತಿಗೆ ಕಡಿತ ನಿಂತಿತು, ಮೇಯಿಸುವುದಕ್ಕೆ ಕಡಿವಾಣ ಬಿತ್ತು. 1989ರಲ್ಲಿ ಇದು ನಿಸರ್ಗಧಾಮವಾಯಿತು, 1995ರಲ್ಲಿ ಯುನೆಸ್ಕೊದ ಜೀವಗೋಳ ಮೀಸಲು ಪ್ರದೇಶ, 2021ರ ಜುಲೈನಲ್ಲಿ ಸ್ಪೇನಿನ 16ನೇ ರಾಷ್ಟ್ರೀಯ ಉದ್ಯಾನ. ಈಗ ಉದ್ಯಾನದ ವಿಸ್ತೀರ್ಣ ಸುಮಾರು 23,000 ಹೆಕ್ಟೇರ್. ಪಿನ್ಸಾಪೊ ಇದಕ್ಕೆ ಚೆನ್ನಾಗಿ ಸ್ಪಂದಿಸಿತು. ಬೀಜ ಹಾರಿತು, ಮೊಳಕೆ ಬಂತು, ಮೇಕೆ ತಿನ್ನಲಿಲ್ಲ. ಕೆಲವೇ ದಶಕಗಳಲ್ಲಿ ಕಾಡು ಹಲವು ಪಟ್ಟು ಹರಡಿತು. ಅಳಿವಿನಂಚಿನ ಮರವೊಂದು ಹೀಗೆ ಮರಳಿ ಬಂದದ್ದು ದೊಡ್ಡ ಗೆಲುವು. ಅದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು.

ಆದರೆ ಬಂದದ್ದು ಎಂಥ ಕಾಡು? ಹೆಚ್ಚುಕಡಿಮೆ ಒಂದೇ ವಯಸ್ಸಿನ ಮರಗಳು ಒತ್ತೊತ್ತಾಗಿ ಎದ್ದವು. ಹಳೆಯ ಸಹಜ ಕಾಡಿನಲ್ಲಿ ಮುದಿ ಮರ, ನಡುವಯಸ್ಸಿನ ಮರ, ಎಳೆಯ ಗಿಡ, ಬಿದ್ದ ದಿಮ್ಮಿ, ನಡುವೆ ಬಯಲು, ಎಲ್ಲವೂ ಬೆರೆತಿರುತ್ತವೆ. ಇಲ್ಲಿ ಹಾಗಾಗಲಿಲ್ಲ. ಇಷ್ಟೂ ಮರಗಳ ಬೇರು ಒಂದೇ ಆಳದ ಅದೇ ತೆಳು ಮಣ್ಣಿನಲ್ಲಿ, ಅಲ್ಲಿರುವ ಸ್ವಲ್ಪವೇ ನೀರಿಗೆ ಪೈಪೋಟಿ ಮಾಡುತ್ತವೆ. ಹವೆ ತಂಪಾಗಿದ್ದಾಗ ಇದು ಹೇಗೋ ನಡೆಯಿತು. 1990ರ ದಶಕದ ಮೊದಲರ್ಧದಲ್ಲಿ ಸ್ಪೇನಿಗೆ ದೀರ್ಘ ಬರ ಬಂತು, 2005ರಲ್ಲಿ ಮತ್ತೆ ಬಂತು. ಕೆಳ ಎತ್ತರದ ದಟ್ಟ ಪಿನ್ಸಾಪೊ ಕಾಡುಗಳಲ್ಲಿ ಮರಗಳು ಒಣಗತೊಡಗಿದವು. ವಿಜ್ಞಾನಿಗಳು ಕಾಂಡದ ಉಂಗುರಗಳನ್ನು ಅಳೆದು ನೋಡಿದಾಗ ಕಾರಣ ಸ್ಪಷ್ಟವಾಯಿತು. ಬರ ಎಲ್ಲ ಮರಕ್ಕೂ ಪೆಟ್ಟು ಕೊಟ್ಟಿತ್ತು. ಆದರೆ ಒತ್ತಾಗಿ ಬೆಳೆದ ಮರಗಳು ಬರಕ್ಕೆ ಮೊದಲೇ ಸೊರಗಿದ್ದವು, ಅವುಗಳ ಉಂಗುರಗಳು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಾ ಬಂದಿದ್ದವು. ಸೊರಗಿದ ಮರಕ್ಕೆ ಬೇರು ಕೊಳೆಸುವ ಶಿಲೀಂಧ್ರ ಹತ್ತುತ್ತದೆ, ತೊಗಟೆ ಕೊರೆಯುವ ಹುಳು ಬರುತ್ತದೆ. ಆ ಶಿಲೀಂಧ್ರ ಬೇರಿನಿಂದ ಬೇರಿಗೆ ಹರಡುವಂಥದ್ದು, ಮರಗಳು ಒತ್ತಾಗಿದ್ದರೆ ಅದಕ್ಕೆ ದಾರಿ ಸಲೀಸು.

ಯುಂಕೇರಾ ಕಡೆಯ ಕಾಡಿನಲ್ಲಿ ಪ್ರಯೋಗಕ್ಕೆಂದು ಕೆಲವು ತುಣುಕುಗಳಲ್ಲಿ ಸಣ್ಣ ಮರಗಳನ್ನು ತೆಗೆದು ನೋಡಿದರು. ಉಳಿದ ಮರಗಳು ಚೇತರಿಸಿಕೊಂಡು ಮತ್ತೆ ಬೆಳೆದವು. ನಮ್ಮ ಅರಣ್ಯ ಇಲಾಖೆಯವರು ತೇಗದ ನೆಡುತೋಪಿನಲ್ಲಿ ಮಾಡುವ ಥಿನ್ನಿಂಗ್ ನಿಮಗೆ ಗೊತ್ತಿರಬಹುದು. ಕೆಲಸ ಅದೇ, ಉದ್ದೇಶ ಬೇರೆ. ತೇಗದಲ್ಲಿ ಒಳ್ಳೆ ದಿಮ್ಮಿ ಬರಲಿ ಎಂದು ಮಾಡುತ್ತಾರೆ. ಇಲ್ಲಿ ಬರದ ವರ್ಷದಲ್ಲಿ ಮರಗಳು ಬದುಕಲಿ ಎಂದು. ಸ್ಪೇನಿನ 2014ರ ರಾಷ್ಟ್ರೀಯ ಉದ್ಯಾನ ಕಾನೂನು ಲಾಭಕ್ಕಾಗಿ ಮರ ಕಡಿಯುವುದನ್ನು ಉದ್ಯಾನದೊಳಗೆ ಒಪ್ಪುವುದಿಲ್ಲ. ಕಾಡಿನ ಆರೋಗ್ಯಕ್ಕೆಂದು ಮಾಡುವ ಕೆಲಸಕ್ಕೆ ಅವಕಾಶವಿದೆ. ನೀವು ನೋಡಿದ್ದು ಇಂಥ ಕೆಲಸವೇ ಇರಬೇಕು. ಅಥವಾ ಬೆಂಕಿ ಹರಡದಂತೆ ನಡುವೆ ನೆಟ್ಟ ಪೈನ್‌ಗಳನ್ನು ತೆಗೆದದ್ದೂ ಆಗಿರಬಹುದು. ಸುತ್ತಲಿನ ಗುಡ್ಡಗಳಲ್ಲಿ ಪೈನ್ ನೆಡುತೋಪು ಜಾಸ್ತಿ ಇದೆ.

ಬೆಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ, ಈ ಉದ್ಯಾನ ಘೋಷಣೆಯಾಗಿ ಎರಡು ತಿಂಗಳು ಕಳೆದ ಮೇಲೆ, ಬೆರ್ಮೇಹಾ ಬೆಟ್ಟಕ್ಕೆ ಬೆಂಕಿ ಬಿತ್ತು. ಸುಮಾರು 10,000 ಹೆಕ್ಟೇರ್ ಸುಟ್ಟಿತು. ಬೆಂಕಿ ನಂದಿಸುವ ತಂಡದ ಒಬ್ಬರು ಪ್ರಾಣ ಕಳೆದುಕೊಂಡರು. ಬೆಂಕಿಯ ಶಾಖಕ್ಕೆ ಅದರದೇ ಮೋಡ ಎದ್ದು, ಗಾಳಿಯ ದಿಕ್ಕನ್ನೇ ಬದಲಿಸುತ್ತಿತ್ತು. ಕೊನೆಗೆ ಮಳೆ ಬಂದು ನೆರವಾಯಿತು. ಅಲ್ಲಿನ ಪಿನ್ಸಾಪೊ ತೋಪಿನ ಬಹುಭಾಗ ಉಳಿದದ್ದು ಆ ಸಿಬ್ಬಂದಿಯ ಶ್ರಮದಿಂದ. ಮೆಡಿಟರೇನಿಯನ್ನಿನ ಎಷ್ಟೋ ಗಿಡಗಳು ಬೆಂಕಿಯ ನಂತರ ಬುಡದಿಂದ ಚಿಗುರುತ್ತವೆ. ಕೆಲವು ಪೈನ್‌ಗಳ ಕಾಯಿ ಬೆಂಕಿಯ ಕಾವಿಗೇ ಬಿರಿದು ಬೀಜ ಚೆಲ್ಲುತ್ತದೆ. ಪಿನ್ಸಾಪೊಗೆ ಇದಾವುದೂ ಬರುವುದಿಲ್ಲ. ತೊಗಟೆ ತೆಳು, ಚಿಗುರುವ ಶಕ್ತಿ ಇಲ್ಲ. ಸುಟ್ಟ ಜಾಗಕ್ಕೆ ಅದು ಮರಳಬೇಕಾದರೆ ಪಕ್ಕದಲ್ಲಿ ಬದುಕಿದ ಮರ ಇರಬೇಕು, ನೆರಳು ಕೊಡುವ ಪೊದೆ ಮೊದಲು ಬೆಳೆಯಬೇಕು.

ಹಾಗಂತ ಎಲ್ಲ ಕಡೆ ಕೊಡಲಿ ಹಾಕಬೇಕು ಅನ್ನುವುದು ನನ್ನ ಮಾತಲ್ಲ. ಹಳೆಯ, ಎಲ್ಲ ವಯಸ್ಸಿನ ಮರ ಬೆರೆತ ತೋಪುಗಳನ್ನು ಮುಟ್ಟಲೇಬಾರದು. ಅಲ್ಲಿ ಸತ್ತ ಮರವೂ ಬಿದ್ದಲ್ಲೇ ಇರಬೇಕು. ಎತ್ತರದ, ತಂಪಾದ ಭಾಗದಲ್ಲೂ ಅವಸರ ಬೇಡ. ಆದರೆ ಕೆಳ ಅಂಚಿನ ಒತ್ತಾದ ಕಾಡಿನಲ್ಲಿ ಕೈ ಕಟ್ಟಿ ಕೂತರೆ ಅದು ರಕ್ಷಣೆ ಅಲ್ಲ. ಆ ದಟ್ಟಣೆ ನಿಸರ್ಗ ತಾನಾಗಿ ಮಾಡಿದ್ದಲ್ಲ. ನಾವು ಮೊದಲು ಕಡಿದು, ಆಮೇಲೆ ಒಮ್ಮೆಲೇ ಕೈಬಿಟ್ಟದ್ದರಿಂದ ಆದದ್ದು. ಬೆಟ್ಟಕ್ಕೆ ಇನ್ನೊಂದು ಮಿತಿಯೂ ಇದೆ. ಹವೆ ಬಿಸಿಯಾದಂತೆ ಪಿನ್ಸಾಪೊ ಇನ್ನೂ ಮೇಲೆ ಹತ್ತಬೇಕು. ಅಲ್ಲಿನ ಅತಿ ಎತ್ತರದ ತೊರ್ರೆಸಿಯಾ ಶಿಖರ ಇರುವುದೇ 1,919 ಮೀಟರ್. ಅದರಾಚೆ ಹೋಗಲು ಬೆಟ್ಟವೇ ಇಲ್ಲ. ಆದ್ದರಿಂದ ಈಗಿರುವ ಜಾಗದಲ್ಲೇ ಮರಕ್ಕೆ ಬದುಕುವ ಅನುಕೂಲ ಮಾಡಿಕೊಡಬೇಕು.

ಇನ್ನೊಮ್ಮೆ ಹೋಗುವುದಾದರೆ ರೊಂಡಾ ರಸ್ತೆಯಿಂದ ಕೆಹಿಗಾಲೆಸ್ ಕಡೆಗೆ ತಿರುಗಿ. ಅಲ್ಲಿಂದ ತೊರ್ರೆಸಿಯಾಕ್ಕೆ ಹೋಗುವ ಕಾಲುದಾರಿ ಮೊದಲು ಪಿನ್ಸಾಪೊ ಕಾಡು, ಆಮೇಲೆ ಮುದಿ ಓಕ್ ತೋಪು, ಕೊನೆಗೆ ಬೋಳು ಸುಣ್ಣಕಲ್ಲು, ಹೀಗೆ ಮೂರನ್ನೂ ದಾಟಿಸುತ್ತದೆ. ಇಡೀ ದಿನ ಬೇಕು. ಏಪ್ರಿಲ್-ಮೇ ಒಳ್ಳೆಯದು. ನೀರು ಜಾಸ್ತಿಯೇ ಒಯ್ಯಿರಿ, ಸುಣ್ಣಕಲ್ಲಿನ ಬೆಟ್ಟದಲ್ಲಿ ಮೇಲೆ ನೀರು ಸಿಗುವುದಿಲ್ಲ. ಗಾಳಿ ತಿಳಿಯಾಗಿದ್ದರೆ ಶಿಖರದಿಂದ ಕಡಲೂ ಆಫ್ರಿಕಾದ ಬೆಟ್ಟಗಳೂ ಕಾಣುತ್ತವೆ. ಗ್ರಾಸಲೇಮಾದ ಪಿನ್ಸಾಪೊ ದಾರಿಗೆ ಮಾತ್ರ ಮುಂಚೆಯೇ ಅನುಮತಿ ಪಡೆಯಬೇಕು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಅಲ್ಲಿ ಓಡಾಟಕ್ಕೆ ನಿರ್ಬಂಧವಿರುತ್ತದೆ.

ಬೀಜದ ವಿಷಯ. ದಯವಿಟ್ಟು ಬೇಡ. ಇದು ರಕ್ಷಿತ ಜಾತಿ, ಕಾಡಿನಿಂದ ಬೀಜ, ಗಿಡ ಏನನ್ನೂ ಎತ್ತಿಕೊಳ್ಳುವಂತಿಲ್ಲ. ಭಾರತಕ್ಕೆ ಬೀಜ ತರಬೇಕಾದರೂ ಆಮದು ಪರವಾನಗಿ, ರೋಗವಿಲ್ಲ ಎಂಬ ಪ್ರಮಾಣಪತ್ರ ಎಲ್ಲ ಬೇಕು. ಇಷ್ಟೆಲ್ಲ ಮಾಡಿ ತಂದರೂ ಅದಕ್ಕೆ ತೀರ್ಥಹಳ್ಳಿ ಹಿಡಿಸುವುದಿಲ್ಲ. ಬೀಜಕ್ಕೆ ಕೆಲವು ವಾರ ಕೊರೆಯುವ ಚಳಿ ಸಿಕ್ಕರೆ ಮೊಳಕೆ ಚೆನ್ನಾಗಿ ಬರುತ್ತದೆ, ಅದನ್ನು ಫ್ರಿಜ್‌ನಲ್ಲಿಟ್ಟು ಬೇಕಾದರೆ ಮಾಡಬಹುದು. ಆದರೆ ಈ ಮರದ ಬೇರಿಗೆ ನೀರು ಬಸಿದುಹೋಗುವ ಕಲ್ಲುಮಣ್ಣು ಬೇಕು, ಚಳಿಗಾಲ ನಿಜವಾದ ಚಳಿಗಾಲವಾಗಿರಬೇಕು. ನಿಮ್ಮಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಬೆಚ್ಚಗಿನ ಮಳೆಗೆ ಅದರ ಬೇರು ಕೊಳೆಯುತ್ತದೆ. ತೋಟದಲ್ಲಿ ಮರ ನೆಡಬೇಕೆಂಬ ಆಸೆ ಒಳ್ಳೆಯದೇ. ರಾಂಪತ್ರೆ, ಉಪ್ಪಾಗೆ, ಧೂಪ, ಇವಕ್ಕೆ ನಿಮ್ಮ ಮಣ್ಣು ಹೇಳಿಮಾಡಿಸಿದ್ದು. ಹತ್ತಿರದ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ, ಮಳೆ ಹಿಡಿದ ಮೊದಲ ವಾರಗಳಲ್ಲಿ ನೆಡಿ.